ವಾದಪ್ರಬಂಧದ ಪೀಠಿಕೆ: 1565ರ ಯುದ್ಧವನ್ನು ಕುರಿತ ಬರಹಗಳ ನಿದರ್ಶನದಿಂದ

ಪದವಿ ತರಗತಿಗಳಲ್ಲಿ ವಿಜಯನಗರದ ಇತಿಹಾಸವನ್ನು ಬೋಧಿಸುವವರು ಒಂದಲ್ಲ ಒಂದು ವರ್ಷ ಕ್ರಿ.ಶ. 1565ರ ಸೋಲಿನ ಕಾರಣಗಳನ್ನು ಕುರಿತು ವಿದ್ಯಾರ್ಥಿಗಳಿಂದ ಪ್ರಬಂಧ ಬರೆಯಿಸಿಯೇ ಇರುತ್ತಾರೆ. ಅಂಥ ಪ್ರಬಂಧಗಳನ್ನು ಕೆಲವು ವರ್ಷಗಳಿಂದ ಓದುತ್ತ ಬಂದಿರುವ ನಮಗೆ ಒಂದು ಸಂಗತಿ ಸ್ಪಷ್ಟವಾಗಿ ಗೋಚರಿಸಿದೆ. ಪ್ರಬಂಧದ ನಡುಭಾಗದಲ್ಲಿ ಸಾಮಗ್ರಿಗೆ ಕೊರತೆಯಿರುವುದಿಲ್ಲ; ಫಿರಿಶ್ತಾ ಏನು ಹೇಳಿದನು, ಸೀವೆಲ್ ಏನು ಬರೆದನು ಎಂಬುದನ್ನೆಲ್ಲ ವಿದ್ಯಾರ್ಥಿಗಳು ಶ್ರಮವಹಿಸಿ ಸಂಗ್ರಹಿಸಿರುತ್ತಾರೆ. ಆದರೆ ಮೊದಲನೆಯ ಪುಟವನ್ನು ಓದಿ ಮುಗಿಸಿದಾಗ, ಬರೆದವರು ಯಾವ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ, ಅದಕ್ಕೆ ಅವರ ಉತ್ತರವೇನು, ಆ ಉತ್ತರವನ್ನು ಒಪ್ಪದವರು ಯಾರಾದರೂ ಉಂಟೆ ಎಂಬುದೊಂದೂ ತಿಳಿಯುವುದಿಲ್ಲ. ಪೀಠಿಕೆಯೆಂದರೆ ವಿಷಯಕ್ಕೆ ಬರುವ ಮುನ್ನ ಸಲ್ಲಿಸಬೇಕಾದ ಒಂದು ಉಪಚಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾದಪ್ರಬಂಧದ ಮಟ್ಟಿಗೆ ಈ ಭಾವನೆ ಎಷ್ಟು ಹಾನಿಕರವೆಂಬುದನ್ನು, ಮೇಲೆ ಹೇಳಿದ ಒಂದೇ ವಿಷಯವನ್ನು ನಿದರ್ಶನವಾಗಿಟ್ಟುಕೊಂಡು, ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಸಾಮಾನ್ಯವಾಗಿ ಕಾಣುವ ಪೀಠಿಕೆಗಳ ಪರಿಚಯ ವಾಚಕರಿಗೆ ಇದ್ದೇ ಇರುತ್ತದೆ. ಭಾರತವು ಪುರಾತನ ಸಂಸ್ಕೃತಿಯ ನಾಡೆಂದು ಆರಂಭಿಸಿ, ಮೌರ್ಯರನ್ನೂ ಗುಪ್ತರನ್ನೂ ಚಾಲುಕ್ಯರನ್ನೂ ಒಂದೊಂದು ವಾಕ್ಯದಲ್ಲಿ ನಮಸ್ಕರಿಸಿ, ಮೂರನೆಯ ಪುಟಕ್ಕೆ ಹರಿಹರ ಬುಕ್ಕರನ್ನು ಮುಟ್ಟುವುದು ಒಂದು ಬಗೆ. ನಿಘಂಟನ್ನು ತೆರೆದು ಯುದ್ಧ ಎಂಬ ಶಬ್ದದ ಅರ್ಥವನ್ನು ಬರೆಯುವುದು ಇನ್ನೊಂದು. ಇತಿಹಾಸದ ಮಹತ್ತ್ವವನ್ನು ಕುರಿತು ಯಾರೋ ಮಹನೀಯರು ಆಡಿದರೆಂದು ಹೇಳಲಾಗುವ ಮಾತನ್ನು, ಅದು ಯಾವ ಗ್ರಂಥದಲ್ಲಿದೆಯೆಂಬುದನ್ನು ನೋಡದೆ, ಶಿರೋಭಾಗದಲ್ಲಿ ಇಡುವವರೂ ಉಂಟು. ತನ್ನ ಅಲ್ಪಮತಿಗೆ ತೋಚಿದಷ್ಟನ್ನು ಬರೆಯುತ್ತಿದ್ದೇನೆಂದು ವಿನಯವನ್ನು ಪ್ರಕಟಿಸುವವರನ್ನು ನಾವು ಕಠಿಣವಾಗಿ ನೋಡಲಾರೆವು. ಪ್ರಾಚೀನ ಕವಿಗಳ ಕಾವ್ಯಾರಂಭದಲ್ಲಿ ಅದು ಒಂದು ಸಂಪ್ರದಾಯವಾಗಿತ್ತು. ಆದರೆ ಆ ಕವಿಗಳು ವಿನಯದ ಮಾತನ್ನು ಮುಗಿಸಿ ಕಥೆಯನ್ನು ಧೈರ್ಯದಿಂದಲೇ ಹೇಳಿದರು. ನಮ್ಮ ವಿದ್ಯಾರ್ಥಿಗಳ ವಿನಯವು ಅನೇಕವೇಳೆ ಪ್ರಬಂಧದ ಕೊನೆಯ ಪುಟದವರೆಗೂ ಸಾಗಿ, ಅಭಿಪ್ರಾಯವನ್ನೇ ಹೇಳದಿರುವುದರಲ್ಲಿ ಪರ್ಯವಸಾನವಾಗುತ್ತದೆ.

ಇದರಲ್ಲಿ ವಿದ್ಯಾರ್ಥಿಗಳದೇ ತಪ್ಪೆಂದು ಹೇಳುವುದು ನ್ಯಾಯವಲ್ಲ. ಏನು ಹೇಳಬೇಕೆಂಬುದು ಇನ್ನೂ ನಿಶ್ಚಯವಾಗದಿರುವಾಗಲೇ ಬರೆಯಲು ಕುಳಿತವರಿಗೆ ಮೌರ್ಯರಿಂದ ಆರಂಭಿಸುವುದಕ್ಕಿಂತ ಸುಲಭವಾದ ದಾರಿ ಯಾವುದಿದೆ? ಮೂರು ಗಂಟೆಗಳ ಪರೀಕ್ಷೆಯೂ ಅಂಗಡಿಯಲ್ಲಿ ದೊರೆಯುವ ಗೈಡುಗಳೂ ಆ ಅಭ್ಯಾಸವನ್ನು ಬಲಪಡಿಸಿವೆ. ಅಂಥ ಪುಟಗಳ ಅಂಚಿನಲ್ಲಿ ಸರಿಯೆಂದು ಗುರುತುಹಾಕುತ್ತ ಬಂದಿರುವ ನಾವು, ಅಧ್ಯಾಪಕರು, ಈ ಹೊಣೆಯಲ್ಲಿ ಪಾಲುಗಾರರು.

ಆದರೆ ವಾದವನ್ನು ಹೇಗೆ ಆರಂಭಿಸಬೇಕೆಂಬುದು ನಮ್ಮ ನಾಡಿನ ವಿದ್ವಾಂಸರಿಗೆ ಹೊಸ ಪ್ರಶ್ನೆಯೇನೂ ಆಗಿರಲಿಲ್ಲ. ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ತಿಳಿದಿರಬೇಕೆಂದು ಹೇಳುತ್ತಿದ್ದರು. ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಗ್ರಂಥವು ಯಾವುದನ್ನು ಕುರಿತದ್ದು, ಅದರಿಂದ ಏನು ಫಲ, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಅದನ್ನು ಓದಲು ತಕ್ಕವರಾರು ಎಂಬುದು ಗೊತ್ತಾಗದೆ ವಿವೇಕಿಯಾದವನು ಓದಲು ತೊಡಗುವುದಿಲ್ಲವೆಂಬುದು ಅವರ ಅಭಿಪ್ರಾಯ. ಮೀಮಾಂಸಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ವಿಚಾರಕ್ಕೂ ಅಧಿಕರಣವೆಂಬ ಚೌಕಟ್ಟನ್ನು ಕಲ್ಪಿಸಿದರು. ಮೊದಲು ವಿಷಯ, ಅನಂತರ ಸಂಶಯ, ಅನಂತರ ಪೂರ್ವಪಕ್ಷ, ಅದಾದ ಮೇಲೆ ಸಿದ್ಧಾಂತ. ಐದನೆಯ ಅಂಗವನ್ನು ಎಣಿಸುವುದರಲ್ಲಿ ಮತಭೇದವುಂಟು. ಇವುಗಳಲ್ಲಿ ನಮ್ಮ ಈಗಿನ ಕೆಲಸಕ್ಕೆ ಬಹು ಮುಖ್ಯವಾದುದು ಎರಡನೆಯದು. ಸಂಶಯವಿಲ್ಲದ ಕಡೆ ವಿಚಾರಕ್ಕೆ ಅವಕಾಶವೇ ಇಲ್ಲ. 1565ರಲ್ಲಿ ವಿಜಯನಗರದ ಸೈನ್ಯ ಸೋತಿತು ಎಂಬುದರಲ್ಲಿ ಸಂಶಯವಿಲ್ಲ; ಆದುದರಿಂದ ಅದು ಮಾಹಿತಿಯಾದೀತೇ ಹೊರತು ವಾದವಾಗದು. ಏಕೆ ಸೋತಿತು ಎಂಬಲ್ಲಿ ಎರಡು ಉತ್ತರಗಳಿಗಾದರೂ ಎಡೆಯಿದ್ದು, ಎರಡಕ್ಕೂ ಸ್ವಲ್ಪಮಟ್ಟಿನ ಆಧಾರವಿದ್ದಾಗಲೇ ಪ್ರಬಂಧದ ಅಗತ್ಯ ಹುಟ್ಟುವುದು. ಆ ಅಗತ್ಯವನ್ನು ವಾಚಕನಿಗೆ ಕಾಣಿಸಿಕೊಡುವುದೇ ಪೀಠಿಕೆಯ ಮೊದಲ ಕೆಲಸ.

ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿರುವ ಅಧ್ಯಾಸಭಾಷ್ಯವನ್ನು ಇಲ್ಲಿ ನೆನೆಯಬಹುದು. ಅಲ್ಲಿ ಸ್ತೋತ್ರವಾಗಲಿ ಇತಿಹಾಸವಾಗಲಿ ಇಲ್ಲ. ಅರಿಯುವವನೂ ಅರಿಯಲ್ಪಡುವುದೂ ಬೆಳಕು ಕತ್ತಲೆಗಳಂತೆ ವಿರುದ್ಧವಾಗಿರುವಾಗ ಒಂದನ್ನು ಮತ್ತೊಂದೆಂದು ಭ್ರಮಿಸುವುದು ಅಸಾಧ್ಯವೆನ್ನಬೇಕು. ಆದರೂ ಲೋಕವೆಲ್ಲ ಹಾಗೆಯೇ ವ್ಯವಹರಿಸುತ್ತಿದೆ ಎಂಬ ಒಗಟನ್ನು ಮೊದಲ ವಾಕ್ಯಗಳಲ್ಲಿಯೇ ಮುಂದಿಡುತ್ತಾರೆ. ಅದ್ವೈತವನ್ನು ಒಪ್ಪದವರೂ ಈ ಆರಂಭದ ಬಲವನ್ನು ಅಲ್ಲಗಳೆಯಲಾರರು.

ಇನ್ನು ನಮ್ಮ ನಿದರ್ಶನಕ್ಕೆ ಬರೋಣ. ಈ ಯುದ್ಧವನ್ನು ಕುರಿತು ಬರೆಯುವವರಿಗೆ ಮೊದಲ ವಾಕ್ಯದಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಇದನ್ನು ತಾಳಿಕೋಟೆಯ ಯುದ್ಧವೆನ್ನಬೇಕೆ, ರಕ್ಕಸಗಿ ತಂಗಡಗಿಯ ಯುದ್ಧವೆನ್ನಬೇಕೆ? ತಾಳಿಕೋಟೆಯು ಸುಲ್ತಾನರ ಸೈನ್ಯಗಳು ಬಂದು ಕೂಡಿದ ಸ್ಥಳ. ಅದು ಕೃಷ್ಣಾನದಿಗೆ ಉತ್ತರದಲ್ಲಿ ದೂರದಲ್ಲಿದೆ. ಕಾದಾಟ ನಡೆದುದು ಅಲ್ಲಲ್ಲ. ರಕ್ಕಸಗಿ, ತಂಗಡಗಿಗಳು ನದೀತೀರದ ಗ್ರಾಮಗಳು. ಬನ್ನಿಹಟ್ಟಿಯ ಹೆಸರನ್ನು ಹೇಳುವವರೂ ಇದ್ದಾರೆ. ನಿಖರವಾದ ರಣರಂಗ ಯಾವುದೆಂಬುದೇ ಒಂದು ಪ್ರತ್ಯೇಕ ಪ್ರಬಂಧಕ್ಕೆ ತಕ್ಕ ವಿಷಯ. ಕಾರಣಗಳನ್ನು ಕುರಿತು ಬರೆಯುವವರು ಆ ಚರ್ಚೆಯಲ್ಲಿ ತೊಡಗಬೇಕಾಗಿಲ್ಲ. ಆದರೆ ರೂಢಿಯ ಹೆಸರನ್ನು ಬಳಸುತ್ತಿದ್ದೇನೆ, ಸ್ಥಳನಿರ್ಣಯ ನನ್ನ ಉದ್ದೇಶವಲ್ಲ ಎಂದು ಅರ್ಧ ವಾಕ್ಯದಲ್ಲಿ ಸೂಚಿಸಬೇಕು. ಪೀಠಿಕೆಯಲ್ಲಿ ಬಳಸುವ ಹೆಸರುಗಳು ಮುಗ್ಧವಲ್ಲ. ಇದನ್ನು ಎರಡು ಧರ್ಮಗಳ ಯುದ್ಧವೆಂದು ಮೊದಲ ಸಾಲಿನಲ್ಲಿ ವರ್ಣಿಸಿದವರು, ಮುಂದೆ ಹತ್ತು ಪುಟಗಳಲ್ಲಿ ಸಾಧಿಸಬೇಕಾದುದನ್ನು ಒಂದು ವಿಶೇಷಣದಿಂದ ಸಾಧಿಸಿಬಿಟ್ಟಂತಾಗುತ್ತದೆ. ಇದು ವಾಚಕನಿಗೆ ಮಾಡಿದ ವಂಚನೆ. ಬರೆದವರೂ ತಿಳಿಯದೆ ಅದಕ್ಕೆ ಒಳಗಾಗುತ್ತಾರೆ.

ಒಮ್ಮೆ ನಮ್ಮ ತರಗತಿಯಲ್ಲಿ ನಡೆದುದನ್ನು ಹೇಳುವುದು ಅಪ್ರಸ್ತುತವಾಗಲಾರದು. ವಿದ್ಯಾರ್ಥಿಯೊಬ್ಬನಿಂದ ಅವನ ಪ್ರಬಂಧದ ಪೀಠಿಕೆಯನ್ನು ಗಟ್ಟಿಯಾಗಿ ಓದಿಸಿದೆವು. ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸಲ್ಮಾನ ಸೇನಾನಿಗಳು ಯುದ್ಧದ ನಡುವೆ ಶತ್ರುಪಕ್ಷವನ್ನು ಸೇರಿದರು, ಈ ದ್ರೋಹದಿಂದಲೇ ಸಾಮ್ರಾಜ್ಯ ಅಳಿಯಿತು, ಇದು ಎಲ್ಲರೂ ಬಲ್ಲ ಸಂಗತಿ ಎಂದು ಆತ ಬರೆದಿದ್ದನು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಇನ್ನೊಬ್ಬ ವಿದ್ಯಾರ್ಥಿ, ಅದನ್ನು ಯಾರು ಹೇಳಿದ್ದು ಸಾರ್ ಎಂದು ಕೇಳಿದನು. ಆ ಪ್ರಶ್ನೆಯ ಧ್ವನಿಯಲ್ಲಿ ಕೇವಲ ಕುತೂಹಲವಿರಲಿಲ್ಲ. ಹಾಗೆ ಕೇಳಲು ಆತನಿಗೆ ಕಾರಣವಿತ್ತೆಂಬುದು ತರಗತಿಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಓದುತ್ತಿದ್ದವನಿಗೆ ಉತ್ತರ ಹೊಳೆಯಲಿಲ್ಲ. ಆ ಕ್ಷಣದಲ್ಲಿ ನಮಗೂ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ನಾವೂ ಆ ಮಾತನ್ನು ಪಾಠ ಹೇಳುತ್ತ ಬಂದಿದ್ದೆವು.

ಮಾತನ್ನು ಹೇಳಿದವನು ಸೀಸರ್ ಫೆಡೆರಿಚಿ ಎಂಬ ವೆನಿಸ್ಸಿನ ವರ್ತಕ. ಯುದ್ಧವಾದ ಎರಡು ವರ್ಷಗಳ ಮೇಲೆ, 1567ರಲ್ಲಿ, ಆತ ವಿಜಯನಗರಕ್ಕೆ ಬಂದು ಏಳು ತಿಂಗಳು ಅಲ್ಲಿದ್ದನು. ಅವನ ಪ್ರವಾಸಕಥನ 1587ರಲ್ಲಿ ಮುದ್ರಿತವಾಯಿತು. ಕಾಲದಿಂದ ಸಮೀಪದ ಸಾಕ್ಷಿಯೆಂಬುದು ಅವನ ಬಲ. ಯುದ್ಧವನ್ನು ಕಂಡವನಲ್ಲ, ಊರಿನಲ್ಲಿ ಕೇಳಿದುದನ್ನು ಬರೆದವನೆಂಬುದು ಅವನ ಮಿತಿ. ಇತ್ತ ಫಿರಿಶ್ತಾನು ಬಿಜಾಪುರದ ಆಸ್ಥಾನದಲ್ಲಿದ್ದುಕೊಂಡು, ಯುದ್ಧವಾದ ಸುಮಾರು ನಲವತ್ತು ವರ್ಷಗಳ ಮೇಲೆ, ಗೆದ್ದವರ ಮನೆತನದ ಆಶ್ರಯದಲ್ಲಿ ಬರೆದನು. ಅವನ ಕಥನದಲ್ಲಿ ನಿರ್ಣಾಯಕವಾದ ಕ್ಷಣ ವೃದ್ಧನಾದ ರಾಮರಾಯನು ಸೆರೆಸಿಕ್ಕು ಹತನಾದುದು. ಅದನ್ನು ಕಂಡು ಸೈನ್ಯ ಚದುರಿತು. ಸೇನಾನಿಗಳ ದ್ರೋಹಕ್ಕೆ ಅಲ್ಲಿ ಆ ಸ್ಥಾನವಿಲ್ಲ. ಹೀಗಿರುವಲ್ಲಿ ದ್ರೋಹದ ವಿಚಾರ ಎಲ್ಲರೂ ಬಲ್ಲ ಸಂಗತಿಯಲ್ಲ. ಒಬ್ಬ ಸಾಕ್ಷಿಯ ಹೇಳಿಕೆ. ಅದು ಸುಳ್ಳೆಂದು ನಾವು ಹೇಳುತ್ತಿಲ್ಲ. ಫೆಡೆರಿಚಿ ಹೀಗೆ ಹೇಳುತ್ತಾನೆ, ಫಿರಿಶ್ತಾನ ಕಥನ ಬೇರೆ ರೀತಿಯದು ಎಂಬೆರಡು ವಾಕ್ಯಗಳು ಆ ಪೀಠಿಕೆಯಲ್ಲಿದ್ದಿದ್ದರೆ, ಹಿಂದಿನ ಸಾಲಿನ ವಿದ್ಯಾರ್ಥಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಪ್ರಬಂಧವೇ ಕೇಳಿದಂತಾಗುತ್ತಿತ್ತು.

ಆಧುನಿಕ ವಿದ್ವಾಂಸರಲ್ಲಿಯೂ ಸಂಶಯಕ್ಕೆ ಬೇಕಾದ ಭೇದ ಸಾಕಷ್ಟಿದೆ. 1900ರಲ್ಲಿ ಪ್ರಕಟವಾದ ರಾಬರ್ಟ್ ಸೀವೆಲನ ಗ್ರಂಥ ವಿಜಯನಗರವನ್ನು ದಕ್ಷಿಣದ ಹಿಂದೂಗಳ ರಕ್ಷಣೆಗಾಗಿ ನಿಂತ ಕೋಟೆಯೆಂಬಂತೆ ಚಿತ್ರಿಸಿತು. ಅನಂತರದ ಎರಡು ಮೂರು ತಲೆಮಾರಿನ ವಿದ್ವಾಂಸರಲ್ಲಿ ಅನೇಕರು ಆ ದೃಷ್ಟಿಯನ್ನೇ ಬೆಳೆಸಿದರು. 1989ರಲ್ಲಿ ಬರ್ಟನ್ ಸ್ಟೈನ್ ಅದನ್ನು ಪ್ರಶ್ನಿಸಿದರು. 2005ರಲ್ಲಿ ರಿಚರ್ಡ್ ಈಟನ್, ದಖ್ಖನಿನ ಎಂಟು ಮಂದಿಯ ಜೀವನವನ್ನು ಕುರಿತ ತಮ್ಮ ಗ್ರಂಥದಲ್ಲಿ ರಾಮರಾಯನಿಗೆ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅವನನ್ನು ದಖ್ಖನಿನ ಸುಲ್ತಾನರ ಲೋಕದೊಳಗಿನ ವ್ಯಕ್ತಿಯಾಗಿಯೇ ಕಂಡರು. ಪೀಠಿಕೆಯಲ್ಲಿ ಇವರೆಲ್ಲರ ಹೆಸರನ್ನೂ ಪೋಣಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಹಾಗೆ ಮಾಡಿದರೆ ಅದು ಗ್ರಂಥಾಲಯದ ಪಟ್ಟಿಯಾದೀತು. ಬರೆಯುವವರು ಯಾರೊಡನೆ ವಾದಿಸುತ್ತಿದ್ದಾರೋ ಆ ಒಂದು ಪಕ್ಷವನ್ನು ಹೇಳಿದರೆ ಸಾಕು. ಆದರೆ ಹೇಳುವಾಗ ಆ ಪಕ್ಷದವರೇ ಓದಿ ಹೌದೆನ್ನುವಂತೆ ಹೇಳಬೇಕು. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಮಂಡಿಸಿದವರಿಗೆ ಅದನ್ನು ಗೆಲ್ಲುವುದು ಸುಲಭ. ಆ ಗೆಲುವಿನಿಂದ ಯಾವುದೂ ನಿರ್ಣಯವಾಗುವುದಿಲ್ಲ. ಧರ್ಮವೈರವೇ ಕಾರಣವೆನ್ನುವವರಿಗೂ ಆಧಾರವಿದೆ: ಅಹಮದ್‌ನಗರದ ದಂಡಯಾತ್ರೆಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನು ಅಪವಿತ್ರಗೊಳಿಸಿದರೆಂದೂ ಅದರಿಂದ ಸುಲ್ತಾನರು ಕೆರಳಿದರೆಂದೂ ಫಿರಿಶ್ತಾನೇ ಬರೆದಿದ್ದಾನೆ. ಇದನ್ನು ಮರೆಮಾಚಿ ಬರೆದ ಪೀಠಿಕೆ, ತೀರ್ಮಾನ ಎಷ್ಟೇ ಉದಾರವಾಗಿರಲಿ, ನಮಗೆ ಒಪ್ಪಿಗೆಯಾಗದು.

ಸಂಶಯವನ್ನು ಹೇಳಿಯಾದ ಮೇಲೆ ಉಳಿಯುವುದು ಪ್ರತಿಜ್ಞೆ. ನೈಯಾಯಿಕರ ಪಂಚಾವಯವ ವಾಕ್ಯದಲ್ಲಿ ಇದಕ್ಕೆ ಮೊದಲ ಸ್ಥಾನ. ಬೆಟ್ಟದಲ್ಲಿ ಬೆಂಕಿಯಿದೆ ಎಂದು ಮೊದಲು ಹೇಳಿ, ಹೊಗೆಯ ಮಾತನ್ನು ಅನಂತರ ಎತ್ತುತ್ತಾರೆ. ನಮ್ಮ ವಿದ್ಯಾರ್ಥಿಗಳು ಹಿಂಜರಿಯುವುದು ಇಲ್ಲಿಯೇ. ಸೋಲಿಗೆ ಅನೇಕ ಕಾರಣಗಳಿವೆ, ಅವುಗಳನ್ನು ಈ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ ಎಂಬ ವಾಕ್ಯವನ್ನು ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಅದನ್ನು ಯಾರೂ ಅಲ್ಲಗಳೆಯಲಾರರು. ಆದುದರಿಂದಲೇ ಅದು ಪ್ರತಿಜ್ಞೆಯಲ್ಲ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಸೀವೆಲ್ ತಪ್ಪು, ಫಿರಿಶ್ತಾ ಪಕ್ಷಪಾತಿ, ಫೆಡೆರಿಚಿ ಗಾಳಿಮಾತನ್ನು ನಂಬಿದವನು ಎಂದು ಎಲ್ಲರನ್ನೂ ತಳ್ಳಿಹಾಕಿ, ತನ್ನದೆಂಬ ಪಕ್ಷವನ್ನು ಮಾತ್ರ ಸ್ಥಾಪಿಸದಿರುವುದು. ತತ್ತ್ವನಿರ್ಣಯಕ್ಕಾಗಿ ಮಾಡುವುದು ವಾದ, ಜಯಕ್ಕಾಗಿ ಮಾಡುವುದು ಜಲ್ಪ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಮುರಿಯುವುದು ವಿತಂಡ ಎಂದು ನ್ಯಾಯಶಾಸ್ತ್ರದಲ್ಲಿ ಭೇದವನ್ನು ಮಾಡಿದ್ದಾರೆ. ಬುದ್ಧಿವಂತರಾದ ವಿದ್ಯಾರ್ಥಿಗಳೇ ಮೂರನೆಯದಕ್ಕೆ ಹೆಚ್ಚಾಗಿ ಬಲಿಯಾಗುವುದನ್ನು ಕಂಡಿದ್ದೇವೆ.

ಪ್ರತಿಜ್ಞೆ ಎಷ್ಟು ಬಲವಾಗಿರಬೇಕು? ಆಧಾರಗಳು ಹೊರಬಲ್ಲಷ್ಟು. ಧರ್ಮಕ್ಕೂ ಈ ಯುದ್ಧಕ್ಕೂ ಸಂಬಂಧವೇ ಇಲ್ಲವೆನ್ನುವುದು ಹೊರಲಾರದ ಭಾರ. ಸುಲ್ತಾನರ ಕೂಟ ಏರ್ಪಡುವುದಕ್ಕೆ ಧರ್ಮವೈರವೊಂದೇ ಸಾಕಾಗುತ್ತಿರಲಿಲ್ಲವೆನ್ನುವುದು ಹೊರಬಹುದಾದ ಭಾರ.

ಇಷ್ಟನ್ನು ಗಮನದಲ್ಲಿಟ್ಟುಕೊಂಡು ನಾವೇ ಒಂದು ಪೀಠಿಕೆಯನ್ನು ಬರೆದು ನೋಡಿದ್ದೇವೆ. ಇದು ಮಾದರಿಯೆಂಬ ಅಭಿಮಾನ ನಮಗಿಲ್ಲ. ಮೇಲಿನ ಮಾತುಗಳನ್ನು ಪರೀಕ್ಷೆಗೆ ಒಡ್ಡುವುದಷ್ಟೇ ಉದ್ದೇಶ.

“ಕ್ರಿ.ಶ. 1565ರ ಜನವರಿಯಲ್ಲಿ, ರೂಢಿಯಲ್ಲಿ ತಾಳಿಕೋಟೆಯದೆಂದು ಹೇಳುವ ಯುದ್ಧದಲ್ಲಿ, ಅಳಿಯ ರಾಮರಾಯನ ಸೈನ್ಯವು ದಖ್ಖನಿನ ಸುಲ್ತಾನರ ಕೂಟಕ್ಕೆ ಸೋತಿತು. ಆ ಕೂಟದಲ್ಲಿದ್ದ ಬಿಜಾಪುರದ ಅಲಿ ಆದಿಲ್ ಶಾಹನು ಕೆಲವೇ ವರ್ಷಗಳ ಹಿಂದೆ ರಾಮರಾಯನ ಮಿತ್ರನಾಗಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದವನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನು ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದವನು. ಇಂಥವರು ಅಹಮದ್‌ನಗರದೊಡನೆ ಕೂಡಿ ರಾಮರಾಯನಿಗೆ ಇದಿರಾದುದೇಕೆ? ಧರ್ಮವೈರವೇ ಕಾರಣವೆಂಬ ಅಭಿಪ್ರಾಯಕ್ಕೆ ಫಿರಿಶ್ತಾನ ಕಥನದಲ್ಲಿ ಆಧಾರವುಂಟು. ಆದರೆ ಆ ವೈರ ಹಿಂದಿನಿಂದಲೂ ಇದ್ದಿದ್ದರೆ, ಅದು ಹಿಂದಿನ ಮೈತ್ರಿಗಳನ್ನು ತಡೆಯಲಿಲ್ಲವೇಕೆ ಎಂಬುದನ್ನು ಈ ಅಭಿಪ್ರಾಯ ವಿವರಿಸುವುದಿಲ್ಲ. ಸುಲ್ತಾನರಲ್ಲಿ ಒಬ್ಬರನ್ನು ಮತ್ತೊಬ್ಬರ ಮೇಲೆ ಎತ್ತಿಕಟ್ಟುವ ರಾಮರಾಯನ ನೀತಿಯು, ಯಶಸ್ವಿಯಾದಷ್ಟೂ, ಅವರೆಲ್ಲರಿಗೂ ಅವನೇ ಸಮಾನಶತ್ರುವಾಗುವಂತೆ ಮಾಡಿತೆಂದೂ, ಮಸೀದಿಗಳ ಅವಮಾನವು ಈ ಭಯಕ್ಕೆ ಮಾತನ್ನು ಒದಗಿಸಿತೆಂದೂ ಇಲ್ಲಿ ಪ್ರತಿಪಾದಿಸಲಾಗಿದೆ. ರಣರಂಗದಲ್ಲಿ ಸೈನ್ಯ ಏಕೆ ಮುರಿಯಿತೆಂಬುದು ಬೇರೆ ಪ್ರಶ್ನೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.”

ಇದರಲ್ಲಿ ಇಲ್ಲದಿರುವುದನ್ನು ವಾಚಕರು ಗಮನಿಸಬಹುದು. ಸಾಮ್ರಾಜ್ಯದ ಸ್ಥಾಪನೆಯಿಲ್ಲ, ಕೃಷ್ಣದೇವರಾಯನ ವೈಭವವಿಲ್ಲ, ಹಂಪೆಯ ಅವಶೇಷಗಳ ವರ್ಣನೆಯಿಲ್ಲ. ಕೊನೆಯದನ್ನು ಬಿಡುವುದು ನಮಗೆ ಕಷ್ಟವಾಯಿತು. ಆದರೆ ಹಾಳಾದ ನಗರವನ್ನು ಮೊದಲ ವಾಕ್ಯದಲ್ಲಿ ನಿಲ್ಲಿಸಿದರೆ ಕೂಟದ ಪ್ರಶ್ನೆ ಬದಿಗೆ ಸರಿದು ವಾಚಕನ ಮನಸ್ಸು ಶೋಕದಿಂದ ತುಂಬುತ್ತದೆ. ಅಲ್ಲದೆ ಆ ಚಿತ್ರವೂ ಸರಳವಲ್ಲ: 1567ರಲ್ಲಿ ಮನೆಗಳು ಇನ್ನೂ ನಿಂತಿದ್ದುವು, ಆದರೆ ಬರಿದಾಗಿದ್ದುವು ಎಂದು ಫೆಡೆರಿಚಿ ಬರೆದಿದ್ದಾನೆ; ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಕೊನೆಯ ವಾಕ್ಯ ಅನೇಕರಿಗೆ ಅನಾವಶ್ಯಕವೆನಿಸೀತು. ಅದಿಲ್ಲದಿದ್ದರೆ ದ್ರೋಹದ ವಿಚಾರವನ್ನು ಕುರಿತು ಏನೂ ಹೇಳಲಿಲ್ಲವೆಂದು ಪರೀಕ್ಷಕರು ಆಕ್ಷೇಪಿಸಬಹುದು. ಎತ್ತಿಕೊಳ್ಳದ ಪ್ರಶ್ನೆಯನ್ನು ಹೆಸರಿಸಿ ಬಿಡುವುದು ಮರೆತು ಬಿಡುವುದಕ್ಕಿಂತ ಬೇರೆ. ಇನ್ನೊಂದು ಪರಿಣಾಮವೂ ಉಂಟು. ಇಂಥ ಪೀಠಿಕೆಯನ್ನು ಬರೆದವರಿಗೆ ಮುಂದಿನ ಪುಟಗಳಲ್ಲಿ ಸ್ವಾತಂತ್ರ್ಯ ಕಡಮೆ. ಕಲ್ಯಾಣಿ, ಸೊಲ್ಲಾಪುರಗಳ ಕೋಟೆಗಳಿಗಾಗಿ ನಡೆದ ಕಲಹಗಳನ್ನೂ, ಚಾಂದಬೀಬಿಯ ವಿವಾಹದಿಂದ ಬಿಜಾಪುರ ಅಹಮದ್‌ನಗರಗಳು ಹತ್ತಿರವಾದುದನ್ನೂ ಅವರು ವಿವರಿಸಲೇಬೇಕು. ನೀತಿ ಯಶಸ್ವಿಯಾದಷ್ಟೂ ಎಂಬ ಮಾತಿಗೆ ಆಧಾರ ದೊರೆಯದಿದ್ದರೆ ಪೀಠಿಕೆಗೆ ಮರಳಿ ಬಂದು ಅದನ್ನು ಅಳಿಸಬೇಕು.

ಈ ಮರಳಿ ಬರುವ ಕೆಲಸವನ್ನು ನಾವೇ ಒಮ್ಮೆ ಮಾಡದೆ ಕೆಟ್ಟೆವು. ಎಂ.ಎ. ತರಗತಿಯಲ್ಲಿದ್ದಾಗ ಅಗ್ರಹಾರಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಪೀಠಿಕೆಯನ್ನು ಎಲ್ಲಕ್ಕಿಂತ ಮೊದಲು ಬರೆದು, ಅವು ಕೇವಲ ವಿದ್ಯಾಕೇಂದ್ರಗಳೆಂದು ಸಾರಿದ್ದೆವು. ಶಾಸನಗಳನ್ನು ಓದುತ್ತ ಹೋದಂತೆ ಭೂಮಿ, ತೆರಿಗೆ, ನೀರಿನ ಹಕ್ಕುಗಳ ವಿಚಾರ ಹೆಚ್ಚಾಗಿ ಕಂಡು ನಾಲ್ಕನೆಯ ಅಧ್ಯಾಯ ಬೇರೆಯೇ ಮಾತನ್ನು ಹೇಳಿತು. ಪೀಠಿಕೆ ಮಾತ್ರ ಹಾಗೆಯೇ ಉಳಿಯಿತು. ಮೌಖಿಕ ಪರೀಕ್ಷೆಯಲ್ಲಿ ಹಿರಿಯರೊಬ್ಬರು, ಇವೆರಡರಲ್ಲಿ ಯಾವುದು ನಿಮ್ಮ ಅಭಿಪ್ರಾಯವೆಂದು ಶಾಂತವಾಗಿ ಕೇಳಿದರು. ಅಂದಿನಿಂದ ಮೊದಲು ಬರೆದ ಪೀಠಿಕೆಯನ್ನು ಕರಡೆಂದೇ ತಿಳಿದು, ಪ್ರಬಂಧ ಮುಗಿದ ಮೇಲೆ ಅದನ್ನು ಬದಿಗಿಟ್ಟು ಹೊಸದಾಗಿ ಬರೆಯುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಹತ್ತು ಪುಟಗಳ ಪ್ರಬಂಧಕ್ಕೆ ಅರ್ಧ ಪುಟದಿಂದ ಒಂದು ಪುಟದವರೆಗಿನ ಪೀಠಿಕೆ ಸಾಕು. ಮೂರು ಗಂಟೆಗಳ ಪರೀಕ್ಷೆಯಲ್ಲಿ ಹೊಸದಾಗಿ ಬರೆಯಲು ಸಮಯವಿರದು; ಅಲ್ಲಿ ಉತ್ತರಪತ್ರಿಕೆಯ ಕೊನೆಯ ಹಾಳೆಯಲ್ಲಿ ಸಂಶಯವನ್ನೂ ಪ್ರತಿಜ್ಞೆಯನ್ನೂ ಒಂದೊಂದು ವಾಕ್ಯದಲ್ಲಿ ಗೀಚಿಕೊಂಡು ಅನಂತರ ಮೊದಲ ಪುಟಕ್ಕೆ ಬರುವಂತೆ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೇವೆ.

ತರಗತಿಯಲ್ಲಿ ಪೀಠಿಕೆಯನ್ನು ಓದಿದ ವಿದ್ಯಾರ್ಥಿ ಎರಡು ವಾರಗಳ ಮೇಲೆ ಪ್ರಬಂಧವನ್ನು ತಿದ್ದಿ ತಂದನು. ದ್ರೋಹದ ಪಕ್ಷವನ್ನು ಆತ ಬಿಟ್ಟಿರಲಿಲ್ಲ. ಆದರೆ ಈಗ ಮೊದಲ ವಾಕ್ಯದಲ್ಲಿ ಫೆಡೆರಿಚಿಯ ಹೆಸರೂ 1567 ಎಂಬ ವರ್ಷವೂ ಇದ್ದುವು. ಎರಡನೆಯ ವಾಕ್ಯದಲ್ಲಿ ಫಿರಿಶ್ತಾನ ಕಥನ ಭಿನ್ನವಾದುದೆಂಬ ಒಪ್ಪಿಗೆಯಿತ್ತು. ಮೂರನೆಯದರಲ್ಲಿ, ಗೆದ್ದವರ ಆಸ್ಥಾನದಲ್ಲಿ ಬರೆದವನಿಗೆ ಆ ಸಂಗತಿಯನ್ನು ಹಿಂದೆ ಸರಿಸಲು ಕಾರಣವಿತ್ತೆಂಬ ಅವನ ಪ್ರತಿಜ್ಞೆಯಿತ್ತು. ಎಲ್ಲರೂ ಬಲ್ಲ ಸಂಗತಿ ಎಂಬ ಮಾತು ಹೋಗಿತ್ತು. ಅವನ ಒಪ್ಪಿಗೆಯನ್ನು ಪಡೆದು ಪ್ರಬಂಧವನ್ನು ಹಿಂದಿನ ಸಾಲಿನ ವಿದ್ಯಾರ್ಥಿಗೆ ಓದಲು ಕೊಟ್ಟೆವು. ಆತ ಅದರ ಮೂರನೆಯ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆಯೆಳೆದು, ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ ಹಿಂದಿರುಗಿಸಿದನು. ನಾವು ಗೆರೆಯೆಳೆಯಬೇಕೆಂದಿದ್ದುದೂ ಆ ವಾಕ್ಯದ ಕೆಳಗೇ.